ಒಂದರಿಂದ ಐದರೊಳಗೆ

ವೈಯಾಲ, ಮೂರನೇ ಟರ್ಮಿನ ಒಂದು ಶುಕ್ರವಾರ.
ಮಕ್ಕಳೆಲ್ಲ ಹೋಗಿಯಾಯಿತು. ಕೋಣೆಯಲ್ಲಿ
ಬಾಳೆಸಿಪ್ಪೆಯ ವಾಸನೆ, ಒಂದು ಒಂಟಿ ಕಾಲುಚೀಲ.
ಇಲಾಖೆಯ ನಮೂನೆ ಪರದೆಯ ಮೇಲೆ ಕಾದು ಕೂತಿದೆ:
ಪಾಠ ಮಾಡಲು ನಿಮ್ಮ ತರಬೇತಿ ನಿಮ್ಮನ್ನು
ಎಷ್ಟರ ಮಟ್ಟಿಗೆ ಸಜ್ಜುಗೊಳಿಸಿತು?

ಸಜ್ಜು.
ಕುದುರೆಗೂ ಇದೇ ಮಾತಲ್ಲವೆ?
ಜೀನು ಲಗಾಮು ಎಲ್ಲ ಕೊಟ್ಟಿದ್ದರು, ಸರಿಯೆ;
ಕುದುರೆ ನಾನೋ, ಸವಾರಳು ನಾನೋ
ಅದನ್ನು ಹೇಳಿರಲಿಲ್ಲ.

ಅಡಿಲೇಡಿನಲ್ಲಿ ನಾಲ್ಕು ವರ್ಷ
ಐದೈದು ನಿಮಿಷಕ್ಕೆ ಗೆರೆ ಎಳೆದ ಪಾಠಯೋಜನೆ ಬರೆದೆ.
ಇಲ್ಲಿ ಮೊದಲ ಸೋಮವಾರ ಒಂಬತ್ತೂ ಹತ್ತಕ್ಕೆ
ಲಾಕ್ಲನ್ ಮೇಜಿನ ಕೆಳಗೆ ಹೋಗಿ ಕೂತ.
ಒಂಬತ್ತೂ ಹತ್ತರ ಅಂಕಣದಲ್ಲಿ
‘ಆಸಕ್ತಿ ಕೆರಳಿಸುವುದು’ ಎಂದಿತ್ತು.

ಉಕ್ಕಿನ ಕಾರ್ಖಾನೆಯ ಕೆಂಪು ದೂಳು ಕಿಟಕಿಯ ಸಂದಿನಲ್ಲಿ.
ಮನೆಯಲ್ಲಿ ಈ ವಾರ ಪಾಳಿ ಸಿಕ್ಕಿದೆಯೋ ಇಲ್ಲವೋ
ಊಟದ ಡಬ್ಬಿ ನೋಡಿದರೆ ತಿಳಿಯುತ್ತದೆ.
ಯಾವ ಸೆಮಿನಾರಿನಲ್ಲೂ ಇದು ಬರಲಿಲ್ಲ;
ಕಸ ಗುಡಿಸುವ ಡ್ರಾಗಿತ್ಸಾ ಹೇಳಿದಳು,
ಪೊರಕೆಯ ಹಿಡಿಗೆ ಗದ್ದ ಊರಿ.

ಅಪ್ಪಂದಿರ ದಿನದ ಕಾರ್ಡಿಗೆ ಅಂಟು ಹಚ್ಚುತ್ತ
ಇಂಡಿ ಕೇಳಿದಳು: “ಮಿಸ್,
ಜೈಲಿಗೆ ಕಳಿಸಲು ಎಷ್ಟರ ಸ್ಟ್ಯಾಂಪು ಬೇಕು?”
ಬೆಲೆ ಹೇಳಿದೆ. ಸರಿಯುತ್ತರವೇ.
ಆಮೇಲೆ ಹೋಗಿ ಕೈ ತೊಳೆದೆ,
ಮತ್ತೆ ತೊಳೆದೆ.

ಹಾಗಂತ, ಕಲಿತದ್ದೆಲ್ಲ ಪುಸ್ತಕದ ಬದನೆಕಾಯಿ
ಎಂದುಬಿಡಲು ಬಾಯಿ ಬರುವುದಿಲ್ಲ.
ಕೊನೆಯ ಬೆಂಚಿನಲ್ಲಿ ತೂಕಡಿಸುತ್ತ ಕೇಳಿದ್ದೆ,
ಸದಾ ಮೂಗು ಒರೆಸಿಕೊಳ್ಳುತ್ತಿದ್ದ ಮುದುಕ ಪ್ರೆಂಡರ್‌ಗಾಸ್ಟ್ ಅಂದದ್ದು:
“ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿ.
ಏಳರವರೆಗೆ ಎಣಿಸಿ.
ಮೂರಕ್ಕೇ ನಿಮಗೆ ಹೆದರಿಕೆಯಾಗುತ್ತದೆ.”

ಮೊನ್ನೆ ಮಂಗಳವಾರ ಮೇಜಿನ ಕೆಳಗೆ ಬಗ್ಗಿ
ನಾಲ್ಕು ನಾಲ್ಕಲ ಎಷ್ಟು ಎಂದೆ.
ಮೂರು. ಹೆದರಿಕೆಯಾಯಿತು.
ಐದು. ಯಾರೋ ಪೆನ್ಸಿಲು ಬೀಳಿಸಿದರು.
ಏಳು ದಾಟಿತು, ಒಂಬತ್ತೂ ದಾಟಿತು,
ಮಂಡಿ ನೋಯುತ್ತಿತ್ತು.
“ಹದಿನಾಲ್ಕು,” ಎಂದ ಲಾಕ್ಲನ್, ಕತ್ತಲೊಳಗಿಂದ.
ಅವನ ದನಿ ಇಷ್ಟು ಗಡಸು ಅಂತ
ಆವರೆಗೆ ಗೊತ್ತಿರಲಿಲ್ಲ.

ತಪ್ಪುತ್ತರ. ಇದಕ್ಕೆ ಎಷ್ಟು ಕೊಡಲಿ?
ಮೂರನ್ನು ಒತ್ತಿದೆ. ಅಳಿಸಿದೆ. ನಾಲ್ಕು. ಅದೂ ಅಲ್ಲ.
ನಿಮ್ಮ ಸಮಯ ಮುಗಿಯುತ್ತಿದೆ, ಎನ್ನುತ್ತದೆ ಪರದೆ;
ಅದಕ್ಕೆ ಯಾರೂ ಎಣಿಸಲು ಕಲಿಸಿಲ್ಲ.

ಡ್ರಾಗಿತ್ಸಾ ಬಾಗಿಲಿಗೆ ಬಂದಳು, ಬುಟ್ಟಿ ಎತ್ತಿದಳು.
“ಕಾಲುಚೀಲ ಎಸೆಯಬೇಡ,” ಎಂದೆ,
“ಅದರ ಒಡೆಯ ಯಾರೆಂದು ಗೊತ್ತು.”