ಸಕಾರದ ರಿಪೇರಿ

ಮೊದಲು ಹೋದದ್ದು ಸಕಾರ.
ಮಡಿಕೇರಿ ಆಕಾಶವಾಣಿಯವರು ಸುಂಟಿಕೊಪ್ಪ ಎಂದರೆ
ನನ್ನ ಕಾರಿನೊಳಗೆ ಉಂಟಿಕೊಪ್ಪ.
ಸೋಮವಾರಪೇಟೆ ಬರೀ ಓಮವಾರಪೇಟೆ.
ಕಂಪನಿ ಕೊಟ್ಟ ಸ್ಪೀಕರು, ಹದಿಮೂರು ವರ್ಷ ಹಾಡಿದೆ,
ಇನ್ನೇನು ಹೇಳೀತು ಎಂದುಕೊಂಡೆ.

ಭಾನುವಾರ, ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿಗೆ ರಜೆ.
ಶೆಡ್ಡಿನ ನೆರಳಲ್ಲಿ ಬಾಗಿಲು ಬಿಚ್ಚಿದೆ.
ಹಿಡಿಕೆಯ ಹಿಂದೊಂದು ಸ್ಕ್ರೂ, ಕೆಳಗೆರಡು,
ಉಳಿದದ್ದೆಲ್ಲ ಕ್ಲಿಪ್ಪು. ನಾಲ್ಕು ಮುರಿದವು.
ಮುರಿದದ್ದು ಕೇಳಲಿಲ್ಲ, ಬೆರಳಿಗೆ ಗೊತ್ತಾಯಿತು.
ಒಳಗೆ ಕಾಗದದ ಬಟ್ಟಲು,
ಅಂಚಿಗೆ ಬೂಷ್ಟು, ಬೆನ್ನಿಗೆ
ನಿಂಬೆಯ ಹೋಳಿನಷ್ಟು ಅಯಸ್ಕಾಂತ.
ಇಷ್ಟೇನಾ ನೀನು, ಅಂದೆ.

ಹೊಸದನ್ನು ಕೊಟ್ಟದ್ದು ಗೋಣಿಕೊಪ್ಪಲಿನ ಮೊಯ್ದು.
ಸಾಲಕ್ಕೆ ಜೀಪು ಮಾರಿದ ಯಾರದೋ ಸೆಟ್ಟು:
ಎರಡು ವೂಫರ್, ಎರಡು ಟ್ವೀಟರ್, ಎರಡು ಕಪ್ಪು ಡಬ್ಬಿ.
"ಇದು ಕ್ರಾಸ್‌ಓವರ್. ಇದಿಲ್ಲದೆ ಕೊಟ್ಟರೆ
ಟ್ವೀಟರ್ ಒಂದೇ ನಿಮಿಷಕ್ಕೆ ಕರಿ."
ಮುಚ್ಚಳ ತೆಗೆದು ನೋಡಿದೆ:
ತಾಮ್ರದ ಸುರುಳಿ, ಪಕ್ಕದಲ್ಲಿ ಕೆಪಾಸಿಟರು.
ನನಗೇನು ಹೊಸತೇ ಇದು!
ಇಪ್ಪತ್ತಾರು ವರ್ಷ ಜರಡಿಯ ಪಕ್ಕ ನಿಂತವನು.
ಎ ಒಂದು ಕಡೆ, ಬಿ ಒಂದು ಕಡೆ,
ಪೀಬೆರಿ ಉರುಳಿಕೊಂಡು ತನ್ನ ದಾರಿ,
ಒಡೆದದ್ದು ಬೇರೆ ಚೀಲಕ್ಕೆ.
ಇಲ್ಲಿ ದಪ್ಪ ದನಿ ಕೆಳಗೆ ಬಾಗಿಲಿಗೆ,
ಸಣ್ಣದು ಮೇಲೆ ಕನ್ನಡಿಯ ಮೂಲೆಗೆ.
ಕಾಳಿಗೆ ತೂತಿನ ಅಳತೆ, ದನಿಗೆ ನಡುಕದ ಅಳತೆ.

ಪ್ಲೈವುಡ್ಡಿನ ಬಳೆ ಕೊರೆದು ವಾರ್ನಿಷ್ ಬಳಿದೆ.
ತಗಡಿಗೆ ರಬ್ಬರಿನ ಹಾಳೆ ಅಂಟಿಸಿ
ಚಪಾತಿ ಲಟ್ಟಣಿಗೆಯಲ್ಲಿ ಉಜ್ಜಿದೆ
(ಮನೆಯಲ್ಲಿ ಆ ವಿಷಯ ಎತ್ತುವುದು ಬೇಡ).
ಬಾಗಿಲೊಳಗೆ ನೀರಿಳಿಯುವ ಊರು,
ಡಬ್ಬಿಗಳನ್ನು ಡ್ಯಾಶ್‌ಬೋರ್ಡಿನ ಅಡಿಗೆ ಕಟ್ಟಿದೆ.
ಗಡಿಯಾರದ ಸೆಲ್ಲು ಮುಟ್ಟಿಸಿದರೆ
ಎಡದ್ದು ಮುಂದೆ ಬಂತು, ಬಲದ್ದು ಹಿಂದೆ ಸರಿಯಿತು.
ಒಬ್ಬ ತಳ್ಳಿ ಒಬ್ಬ ಎಳೆದರೆ
ದಪ್ಪ ದನಿ ನಡುವಲ್ಲೇ ಸಾಯುತ್ತದೆ.
ವೈರು ತಿರುಗಿಸಿದೆ.

ಹಾಕಿದೆ. ತಬಲಾ ತೊಡೆಗೆ ತಾಗಿತು, ನಿಜ.
ಸುದ್ದಿ ಓದುವವಳಿಗೆ ಮಾತ್ರ ಇನ್ನೂ ಓಮವಾರಪೇಟೆ.
ಡಬ್ಬಿಯಲ್ಲಿ ಒಂದು ಪಿನ್ನು, ಅದಕ್ಕೆ ಮೂರು ಜಾಗ:
ಸೊನ್ನೆ, ಮೂರು ಕಡಿಮೆ, ಮೂರು ಹೆಚ್ಚು.
ಹೆಚ್ಚಿಗೆ ಸಿಕ್ಕಿಸಿದೆ. ಟ್ರೆಬಲ್ ಕೊನೆಯವರೆಗೂ ತಿರುಗಿಸಿದೆ.
ಸ್ವಲ್ಪ ಬಂತು. ಬಂದ ಹಾಗಾಯಿತು.

ಮಾರನೆಯ ಸಂಜೆ ಎಂದಿನಂತೆ
ಕಾಳು ಹೆಕ್ಕುವ ಮೇಜಿನ ಮೂವರು ಹಿಂದಿನ ಸೀಟಿಗೆ.
ಗುಡ್ಡೆಹೊಸೂರು ದಾಟುವ ಮೊದಲೇ
ಸೆಲಿನ್ ಕಿವಿ ಮುಚ್ಚಿದಳು:
"ಬೆಳ್ಯಪ್ಪಣ್ಣ, ಏನಿದು, ತಗಡು ಗೀರಿದ ಹಾಗೆ!"
ಲಲಿತೆ ಹೌದೆಂದಳು.
ಬೀಪಾತು ಆಗಲೇ ತಲೆವಸ್ತ್ರ ಒತ್ತಿಹಿಡಿದಿದ್ದಳು.
ನನಗೆ ಹಿತವಾಗಿತ್ತು.
ಅಲ್ಲೇ ಸಿಕ್ಕಿಬಿದ್ದೆ.

ಹಲ್ಲರ್ ಮೆಷಿನ್ನೂ ಒಂದು ಜರಡಿಯೇ.
ದಿನಕ್ಕಿಷ್ಟು ದಿನಕ್ಕಿಷ್ಟು ಎಂದು
ಸಣ್ಣದನ್ನೆಲ್ಲ ಹೊಟ್ಟಿನ ಜೊತೆ ಹಾರಿಸಿ
ನನಗೆ ದಪ್ಪದ್ದನ್ನಷ್ಟೆ ಉಳಿಸಿದೆ.

ಆನೆಕಾಡಿಗೆ ಮುಂಚೆ ಗಾಡಿ ನಿಲ್ಲಿಸಿದೆ.
ಸೆಲಿನ್ ಮುಂದೆ ಬಂದು ಕೂತಳು.
ಡ್ಯಾಶಿನಡಿ ಕೈ ತೂರಿ
ಅವಳ ಹುಬ್ಬು ನೋಡುತ್ತ ಪಿನ್ನು ಬದಲಿಸಿದೆ.
ಕರಿಕಾಳು ಒಂದೂ ತಪ್ಪಿಸಿಕೊಳ್ಳದ ಹುಡುಗಿ.
ಮೂರು ಕಡಿಮೆಗೆ, "ಈಗ ಸತ್ತೇಹೋಯ್ತಣ್ಣ."
ಸೊನ್ನೆಗೆ ಹುಬ್ಬು ಇಳಿಯಿತು.
"ಇದು ಸರಿ. ಈಗ ಗೆಜ್ಜೆ ಕೇಳ್ತದೆ."
ಎಲ್ಲಿ?
"ತಬಲಾದ ಹಿಂದೆ, ಸ್ವಲ್ಪ ಬಲಕ್ಕೆ."
ತಲೆಯಾಡಿಸಿದೆ. ಬಲಕ್ಕೆ ನೋಡಿದೆ ಕೂಡ.
ಗೆಜ್ಜೆ ಇದೆಯಂತೆ.

ಹಳೆಯ ಸ್ಪೀಕರುಗಳ ಕಾಗದ ಹರಿದು
ಅಯಸ್ಕಾಂತ ಬಿಡಿಸಿ ಕೆಲಸಕ್ಕೆ ಒಯ್ದೆ.
ಚೀಲ ಸುರಿಯುವ ಬಾಯಿಗೆ ಕಟ್ಟಿದ್ದೇನೆ.
ಮೊದಲ ದಿನವೇ ಮೂರು ಮೊಳೆ, ಒಂದು ಗುಂಡುಸೂಜಿ.
ಊಟದ ಹೊತ್ತು, ಮೆಷಿನ್ನು ನಿಂತಿತ್ತು.
ಗುಂಡುಸೂಜಿಯನ್ನು ಸಿಮೆಂಟಿನ ಮೇಲೆ ಬಿಟ್ಟೆ.
ಬಿದ್ದದ್ದನ್ನು ನೋಡಿದೆ.