ಒಳಗೆ ಜಾಗ ಉಂಟು

ಇಪ್ಪತ್ತೊಂದು ವರ್ಷ ಕಡಲ ಪಕ್ಕದಲ್ಲೇ
ಮಂಗಳೂರು–ಉಡುಪಿ, ದಿನಕ್ಕೆ ಆರು ಟ್ರಿಪ್.
ಕಡಲು ಕಂಡದ್ದು ಬರೇ ಪ್ಯಾಸೆಂಜರುಗಳ ಚೀಲದಲ್ಲಿ:
ಬಂಗುಡೆ, ಒಣಸಿಗಡಿ, ಮಕ್ಕಳ ಒದ್ದೆ ಚಡ್ಡಿ.

ನಿನ್ನೆ ಭಾನುವಾರ, ತಣ್ಣೀರುಬಾವಿಯಲ್ಲಿ ಆರೂಕಾಲಿಗೆ
ಅದರ ಒಳಗೇ ಇಳಿದೆ.
ತೋಳಿನ ಮೇಲೆ ಮಾರ್ಕರಿನಲ್ಲಿ ಬರೆದ ೪೧೭.
ಸುತ್ತ ಮುನ್ನೂರು ಟೊಪ್ಪಿ, ಎಲ್ಲರಿಗೂ ಕಿಟಕಿ ಸೀಟೇ ಬೇಕು.
ಯಾರದೋ ಹಿಮ್ಮಡಿ ಹಲ್ಲಿಗೆ ಬಡಿಯಿತು,
ಸಾರಿ ಅಂದನೋ ಏನೋ, ನೀರು ಕೇಳಿಸಿಕೊಂಡಿತು.
ಅಂಬಲಿಮೀನೊಂದು ಮೊಣಕೈಗೆ ಬರೆ ಎಳೆಯಿತು.
ಕಿತ್ತಳೆ ಬಣ್ಣದ ತೇಲುಬುರುಡೆ ಹತ್ತಿರ ಬಂತೆನ್ನುವಾಗ
ಇನ್ನೂ ಆಚೆ ಹೋಗಿ ನಿಲ್ಲುತ್ತಿತ್ತು.
ರಶ್ಶಿದ್ದರೆ ನಾವೂ ಸ್ಟಾಪಿನಲ್ಲಿ ಮಾಡುವುದು ಹಾಗೇ.

ಸೈಕಲು ಮಣಿಪಾಲದಲ್ಲಿ ಹಲ್ಲು ಕಲಿತು ಊರಿಗೆ ಹೋದ ಹುಡುಗನದ್ದು.
ತೊಂಬತ್ತು ಕಿಲೋಮೀಟರು.
ಕೂಳೂರು, ಸುರತ್ಕಲ್, ಮುಕ್ಕ, ಹಳೆಯಂಗಡಿ, ಮೂಲ್ಕಿ,
ಟಿಕೆಟ್ ದರ ತನ್ನಷ್ಟಕ್ಕೆ ಬಾಯಿಗೆ ಬರುತ್ತದೆ;
ಶಾಂಭವಿಯ ಸೇತುವೆಗೆ ಏರು ಉಂಟೆಂದು
ತೊಡೆಗೆ ಗೊತ್ತಾದದ್ದು ನಿನ್ನೆ.
ಉದ್ಯಾವರದಲ್ಲೇ ವಾಪಸು ತಿರುಗಿಸಿದರು.
ಉಡುಪಿ ಮುಟ್ಟದೆ ಟ್ರಿಪ್ ಕಟ್!
ಧಣಿಗೆ ಏನು ಹೇಳಲಿ ಎಂದು ಒಂದು ಕ್ಷಣ ಹೆದರಿದೆ.

ಕಾಪು ಕಳೆದ ಮೇಲೆ ಹಿಂದಿನಿಂದ ನಮ್ಮ ಹಾರನ್ನು.
ಶೇಖಬ್ಬ, ಆಂಬುಲೆನ್ಸಿಗೆ ಬಿಟ್ಟು
ಯಾರಿಗೂ ಬ್ರೇಕು ತುಳಿಯದ ಶೇಖಬ್ಬ,
ಎರಡನೇ ಗೇರಿಗೆ ಇಳಿಸಿ ಪಕ್ಕದಲ್ಲೇ ಬಂದ.
ಕಿಟಕಿ ತುಂಬ ಮುಖ. ನನ್ನ ಬದಲಿಗೆ ಬಂದ ಹುಡುಗ
ಬಾಗಿಲು ಬಡಿದು ಕೂಗಿದ: ರೈಟ್, ವಾಮನಣ್ಣ, ರೈಟ್!
ಮೂವತ್ತು ಸೆಕೆಂಡು.
ಪಡುಬಿದ್ರಿಯ ಟೈಮ್ ಕೀಪರಿಗೆ ಅದು ದಂಡ.
ನಮ್ಮ ಲೈನಿನಲ್ಲಿ ಅಷ್ಟಕ್ಕೇ ಕಾಲರು ಹರಿದದ್ದುಂಟು.
ನನಗೆ ಯಾರೂ ಇಷ್ಟು ದೊಡ್ಡದು ಕೊಟ್ಟಿಲ್ಲ.

ಓಟ ಅಂದರೆ ಓಟವಲ್ಲ.
ಗಾಳಿಮರಗಳು ತಮ್ಮ ನೆರಳನ್ನು ತಾವೇ ಮೆಟ್ಟಿ ನಿಂತಿದ್ದವು.
ಹದಿನಾರನೇ ಕಿಲೋಮೀಟರಿಗೆ ಮೀನಖಂಡ ಕಲ್ಲಾಯಿತು.
ಹಿಮ್ಮಡಿ, ಸೊಂಟ, ಎಡಮೊಣಕಾಲು,
ನೋವುಗಳೆಲ್ಲ ಒಟ್ಟಿಗೆ ಹತ್ತಿ
ಬಾಗಿಲಲ್ಲೇ ಜೋತುಕೊಂಡವು.
ಆಗ ಬಾಯಿಗೆ ಬಂತು, ದಿನಕ್ಕೆ ನೂರು ಸಲ ಹೇಳುವ ಮಾತು:
ಮುಂದೆ ಹೋಗಿ, ಮುಂದೆ ಹೋಗಿ,
ಒಳಗೆ ಜಾಗ ಉಂಟು.
ಹೇಳುವವನೇ ಅದನ್ನು ಯಾವತ್ತೂ ನಂಬಿದ್ದಿಲ್ಲ.

ಎಂಟೂವರೆ ಗಂಟೆಯ ಗಡುವಿಗೆ
ಒಂದು ನಿಮಿಷ ನಲವತ್ತು ಸೆಕೆಂಡು ಬಾಕಿ.
ಕಮಾನಿನ ಗಾಳಿ ತೆಗೆಯಲು ಬಗ್ಗಿದವನು
ನನ್ನ ನೋಡಿ ಕೈ ಹಿಂದೆ ತೆಗೆದ.
ಮೈಕಿನವನು ಊಟಕ್ಕೆ ಹೋಗಿದ್ದ.
ಗಡಿಯಾರ ಕಾಯುವ ಹುಡುಗಿ ಒಬ್ಬಳೇ
ತಪ್ಪು ಹೆಸರು ಕೂಗಿದಳು, ಗಂಟಲು ಬಿರಿಯುವಷ್ಟು.
ಓಗೊಟ್ಟೆ.

ಇವತ್ತು ಫಸ್ಟ್ ಟ್ರಿಪ್. ಎರಡು ಮೆಟ್ಟಿಲು ಹತ್ತಲು
ಕಂಬಿಗೆ ನೇತಾಡಬೇಕಾಯಿತು.
ಶೇಖಬ್ಬ ಕನ್ನಡಿಯಲ್ಲಿ ಎಲ್ಲ ನೋಡಿ
ಏನೂ ಕಾಣದವನಂತೆ ಗಾಜು ಒರೆಸಿದ.
ಮೂಲ್ಕಿಯಲ್ಲಿ ಹತ್ತಿದ ಮೀನಿನ ಅಪ್ಪಿಯಕ್ಕ
ಚಿಲ್ಲರೆ ಕೊಡುತ್ತ ತೋಳು ಹಿಡಿದು ನೋಡಿದಳು:
ಇದೆಂಥದು ಮಾರಾಯ, ಬಸ್ಸಿನ ನಂಬ್ರವಾ?
ಮೂರು ಸಲ ಸಾಬೂನು ಹಾಕಿದರೂ ಹೋಗಿರಲಿಲ್ಲ.

ಹೌದು ಅಂದೆ.
ರೈಟ್ ಪೋಯಿ.