ಹಾಸಿಗಿಯಾಂವ

ಮೀಟರಿನ ಮೇಲೆ ಅಂಟಿಸಿದ ಚೀಟಿಯ ನಂಬರು ನೋಡಿಕೊಂಡು
ದಸರಾ ರಜೆ ಹೋಯಿತೆಂದು ಗೊಣಗುತ್ತಲೇ
ಒಳಗೆ ಬಂದರು ಅಂಬಮ್ಮ ಟೀಚರ್.
ರಾಯಚೂರಿನ ಬಿಸಿಲಿಗೆ ಮೊಬೈಲು ಹೆಂಚಾಗಿತ್ತು;
ನೀರಿನ ಕೊಡದ ಪಕ್ಕ ಇಡು, ಆರತದ ಅಂದಳು ಅವ್ವ.

ಹೆಸರು. ಹುಸೇನಮ್ಮ, ಗಂಡ ಲಾಳೇಸಾಬ, ತೀರಿಕೊಂಡಾರ.
ಎಷ್ಟು ಮಂದಿ. ಫ್ರಿಜ್ಜು. ಗಾಡಿ. ನಳ.
ಇಲ್ಲಿಯವರೆಗೆ ಸಲೀಸು.
ಜಾತಿ ಅಂದರು,
ನಾಲ್ಕು ಬಾಯಿ ಒಮ್ಮೆಲೇ ತೆರೆದವು.

ಕಾಕಾ: ಪಿಂಜಾರ ಅಂತ ಬರಕೋರಿ, ಮೀಸಲಾತಿ ಇರೋದು ಆ ಹೆಸರಿಗೆ.
ತಮ್ಮ: ನದಾಫ್ ಅಂತ ಇರಲಿ, ಕೇಳೋಕೆ ಚಂದ.
ಬಳ್ಳಾರಿಯ ಭಾವ, ಜೀನ್ಸ್ ಹೊಲಿಯುವ ಗದ್ದಲದೊಳಗಿಂದ ಫೋನಿನಲ್ಲಿ:
ಬರೀ ಮುಸ್ಲಿಂ ಅನ್ರಿ, ಒಡೆದು ಬರೆಸಬ್ಯಾಡ್ರಿ.
ನನ್ನ ಮಗಳು ಪರ್ವೀನ್, ಎರಡನೇ ಪಿಯುಸಿ:
ಆ ಕಲಂ ಬಿಟ್ಟುಬಿಡೋಕೆ ಬರುತ್ತಾ, ಮಿಸ್?

ರಾತ್ರಿಯೆಲ್ಲ ಟಿವಿಯಲ್ಲಿ ಇದನ್ನೇ ಹಿಂಜುತ್ತಾರೆ.
ಧರ್ಮವೋ ಕಸುಬೋ, ಯಾರ ಪಾಲು ಯಾರ ತಟ್ಟೆಗೆ,
ಎಡಗಡೆಯವನದೊಂದು ಏಟು, ಬಲಗಡೆಯವನದೊಂದು ಏಟು.
ನಮ್ಮಜ್ಜ ಹಿಂಜಿದರೆ
ಕೊನೆಗೊಂದು ಹಾಸಿಗೆಯಾದರೂ ಆಗುತ್ತಿತ್ತು.

ಬಿಸ್ಕೀಟಿನ ಡಬ್ಬಿ ತಂದು ಕಾಗದ ಹರವಿದೆ.
ಅಜ್ಜನದು ನಿಜಾಮರ ಕಾಲದ ಉರ್ದು ಚೀಟಿ,
ಮನೆಯಲ್ಲಿ ಯಾರಿಗೂ ಓದಲು ಬಾರದು.
ಮಸೀದಿಯ ಹಾಫೀಜರು ಒಮ್ಮೆ ಓದಿ ಹೇಳಿದ್ದರು: ನದ್ದಾಫ್, ವಾಸ ಕವಿತಾಳ.
ಅಪ್ಪನ ಟಿ.ಸಿ.ಯಲ್ಲಿ ಮಾಸ್ತರು ಬರೆದದ್ದು ಪಿಂಜಾರ.
ಕಾಕಾನದರಲ್ಲಿ ಮುಸಲ್ಮಾನ, ಮೇಲೆ ಶಾಯಿ ಚೆಲ್ಲಿದೆ.
ಸೋದರತ್ತೆಗೆ ಟಿ.ಸಿ.ಯೇ ಇಲ್ಲ, ಶಾಲೆಗೆ ಕಳಿಸಿದವರ್ಯಾರು?
ಪರ್ವೀನಳ ಸರ್ಟಿಫಿಕೇಟಿಗೆ ನಾಡಕಚೇರಿಗೆ ಮೂರು ಸಲ ಹೋಗಿ ಬಂದೆ.
ತಾಳೆಯಾಗುತ್ತಿಲ್ಲ, ಮೇಡಂ.

ಎಣಿಸಬಾರದು ಅನ್ನುವವಳಲ್ಲ ನಾನು.
ಗಂಜಿನಲ್ಲಿ ಹತ್ತಿ ತೂಕದ ಚೀಟಿ ಬರೆಯುತ್ತೇನೆ, ಹನ್ನೊಂದು ವರ್ಷದಿಂದ.
ತಕ್ಕಡಿ ಏರದ ಮಾಲಿಗೆ ದರವಿಲ್ಲ.
ತೇವ ಅಂತ, ಕಸ ಅಂತ
ಕಡಿತ ಹಾಕುವ ಕೈ ಯಾರದೆಂಬುದೂ ಗೊತ್ತು,
ಕೆಲವು ಸಲ ಅದು ನನ್ನದೇ.

ಅಷ್ಟರಲ್ಲಿ ಅವ್ವ, ತಾನು ಹುಟ್ಟುವ ಮೊದಲಿನದನ್ನು
ಕಣ್ಣಾರೆ ಕಂಡವಳ ಹಾಗೆ:
ನಲವತ್ತೆಂಟರಾಗ ನಿಮ್ಮಜ್ಜ
ಒಬ್ಬರ ಮನಿಯಾಗ ಅರಳಿ ಹಿಂಜಲಿಕ್ಕೆ ಕುಂತಿದ್ದ.
ಮಂದಿ ಬಂದ್ರು, ಕೈಯಾಗ ಬಡಿಗಿ.
ಒಳಗ ಇರಾಂವ ಯಾವ ಪೈಕಿ?
ಆ ಮನಿ ಮುದುಕಿ ಸೂಗಮ್ಮ ಬಾಗಲದಾಗ ಅಡ್ಡ ಕುಂತು
ಜ್ವಾಳ ಹಸನ ಮಾಡಾಕಿ, ತಲಿ ಎತ್ತಲಿಲ್ಲಂತ.
ಯಾವ ಪೈಕಿ ಅಂದ್ರ? ನಮ್ಮ ಹಾಸಿಗಿಯಾಂವ.

ಮಂದಿ ಹೋದರು. ಅಜ್ಜ ಸಂಜೆಯವರೆಗೆ ಹಿಂಜಿದ,
ಹಿಂಜಿದ್ದನ್ನೇ ಮತ್ತೆ ಹಿಂಜಿದ,
ಬಿಲ್ಲಿನ ಸಪ್ಪಳ ನಿಂತರೆ
ತಿರುಗಿ ಬಂದಾರೆಂದು.

ಟೀಚರ ಬೆರಳು ಸ್ಕ್ರೀನಿನ ಮೇಲೆ ತಡೆದು ನಿಂತಿತು.
ಪಟ್ಟಿಯಲ್ಲಿ ಅದಿಲ್ಲ.
ಆಮೇಲೆ ನೋಡೋಣ ಅಂತ ಮುಂದಕ್ಕೆ ಹೋದರು.
ಕುಲಕಸುಬು? ಅರಳಿ ಹಿಂಜೋದು.
ಈಗಲೂ ಮಾಡ್ತೀರಾ? ಇಲ್ಲ.
ಹಿತ್ತಲಿನಲ್ಲಿ ಬಿಲ್ಲಿನ ಮೇಲೆ ಪರ್ವೀನಳ ಯೂನಿಫಾರಂ ಒಣಗುತ್ತಿದೆ.
ಮಾತೃಭಾಷೆ?
ಅವ್ವ ನಕ್ಕಳು: ಇಷ್ಟೊತ್ತು ಯಾವುದ್ರಾಗ ಮಾತಾಡಿದ್ನೆವ್ವಾ ನಾನು?

ಓಟಿಪಿ ಬರಲಿಲ್ಲ. ಸರ್ವರ್ ಕೈಕೊಟ್ಟಿತು. ಚಾ ಆಯಿತು.
ಏಳುವಾಗ ಟೀಚರ್, ಸರ್ಕಾರದ್ದಲ್ಲದ ದನಿಯಲ್ಲಿ:
ನಮ್ಮವ್ವನ ಹಾಸಿಗಿ ಗಂಟು ಗಂಟಾಗ್ಯಾದ.
ಫೋಮಿನ ಮ್ಯಾಲೆ ನಿದ್ದಿ ಬರಂಗಿಲ್ಲ ಅಂತಾಳ.
ಹಿಂಜೋರು ಯಾರರ ಅದಾರೇನು?

ಕಾಕಾ ಗೋಡೆ ನೋಡಿದ. ತಮ್ಮ ಫೋನು ನೋಡಿದ.
ಅವ್ವ ಎರಡೂ ಅಂಗೈ ಮಡಿಲಲ್ಲಿ ತಿರುವಿ ನೋಡಿಕೊಂಡು
ತಗೊಂಡು ಬಾ, ಅಂದಳು.
ಮೊದಲು ತಂತಿ ಸಿಗಬೇಕು.
ಮೇಕೆ ಕರುಳಿಂದಾ. ಯಾರು ಮಾರ್ತಾರೋ ಈಗ.